ಡ್ರಾಕುಲಾ ಬರೆದವನೂ ಸಾಣೇಹಳ್ಳಿಯ ಸ್ವಾಮೀಜಿಯೂ

ಮಕ್ಕಳೇ, ಡ್ರಾಕುಲಾ ಯಾರೆಂದು ನಿಮಗೆ ಹೇಳಿಕೊಡಬೇಕಿಲ್ಲ. ಅವನ ಕಥೆ ಬರೆದ ಬ್ರಾಮ್ ಸ್ಟೋಕರ್‌ನ ಹೊಟ್ಟೆಪಾಡು ಮಾತ್ರ ನಾಟಕ. ಮೊದಲು ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರಿ ಮಾಡುತ್ತ ಪತ್ರಿಕೆಯೊಂದಕ್ಕೆ ಪುಕ್ಕಟೆಯಾಗಿ ನಾಟಕ ವಿಮರ್ಶೆ ಬರೆಯುತ್ತಿದ್ದ. 1876ರಲ್ಲಿ ನಟ ಹೆನ್ರಿ ಇರ್ವಿಂಗನ ಹ್ಯಾಮ್ಲೆಟ್ ಪಾತ್ರವನ್ನು ಮೆಚ್ಚಿ ಬರೆದದ್ದೇ ಇಬ್ಬರ ಸ್ನೇಹಕ್ಕೆ ದಾರಿಯಾಯಿತು. 1878ರಿಂದ 27 ವರ್ಷ ಲಂಡನ್ನಿನಲ್ಲಿದ್ದ ಇರ್ವಿಂಗನ ಲೈಸಿಯಂ ರಂಗಮಂದಿರದ ಮ್ಯಾನೇಜರ್ ಅವನೇ. ಲೆಕ್ಕಪತ್ರ, ಕಾಗದ ಪತ್ರ, ಅಮೆರಿಕಾ ಪ್ರವಾಸ ಎಲ್ಲ ಅವನ ಹೆಗಲಿಗೆ; ಚಪ್ಪಾಳೆ ಇರ್ವಿಂಗನಿಗೆ.

ಡ್ರಾಕುಲಾ ಅಚ್ಚಾದದ್ದು 1897ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 1997ರಲ್ಲಿ, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 'ಶಿವಸಂಚಾರ' ಎಂಬ ತಿರುಗಾಟದ ನಾಟಕ ತಂಡ ಹುಟ್ಟಿತು. ಇದನ್ನು ಕಟ್ಟಿದವರು ಅಲ್ಲಿನ ಮಠದ ಸ್ವಾಮಿಗಳಾದ ಪಂಡಿತಾರಾಧ್ಯ ಶಿವಾಚಾರ್ಯರು. ಸ್ವಾಮೀಜಿಗೂ ನಾಟಕಕ್ಕೂ ಏನು ಸಂಬಂಧ ಅಂತೀರಾ? ಅವರ ಗುರುಗಳು, ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು, ತಾವೇ ನಾಟಕ ಬರೆದು, ಕಲಾಸಂಘ ಕಟ್ಟಿ ಊರೂರಿಗೆ ಕಳಿಸಿದವರು. (ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಬೇರೆ, ದೊಡ್ಡವರೂ ಇಲ್ಲಿ ಎಡವುತ್ತಾರೆ.) ಬಸವಣ್ಣನವರ ಮಾತು ಓದು ಬಾರದವರಿಗೂ ಮುಟ್ಟಬೇಕಾದರೆ ನಾಟಕಕ್ಕಿಂತ ಹತ್ತಿರದ ದಾರಿ ಯಾವುದಿದೆ?

ಶಿವಸಂಚಾರದ ಕೆಲಸ ಹೀಗೆ: ಪ್ರತಿವರ್ಷ ಕಲಾವಿದರನ್ನು ಆರಿಸಿ, ಮಠದಲ್ಲೇ ಊಟ ವಸತಿ ಕೊಟ್ಟು, ಬೇರೆ ಬೇರೆ ನಿರ್ದೇಶಕರಿಂದ ಮೂರು ಹೊಸ ನಾಟಕ ಕಲಿಸುತ್ತಾರೆ. ನವೆಂಬರಿನ ನಾಟಕೋತ್ಸವದಲ್ಲಿ ಅವನ್ನು ಆಡಿ, ಆಮೇಲೆ ರಂಗಸಜ್ಜಿಕೆ, ದೀಪ, ವೇಷಭೂಷಣ ಎಲ್ಲ ವಾಹನಕ್ಕೇರಿಸಿ ಹೊರಟರೆ ತಿಂಗಳುಗಟ್ಟಲೆ ಕರ್ನಾಟಕ ಸುತ್ತಾಟ. ಇಂದು ಒಂದೂರು, ನಾಳೆ ಇನ್ನೊಂದು. ಹಗಲು ರಂಗ ಕಟ್ಟಬೇಕು, ಸಂಜೆ ಬಣ್ಣ ಹಚ್ಚಬೇಕು, ರಾತ್ರಿ ಎಲ್ಲ ಬಿಚ್ಚಿ ಮೂಟೆ ಕಟ್ಟಬೇಕು. ಶರಣರ ನಾಟಕಗಳಷ್ಟೇ ಅಲ್ಲ, ಸಾಮಾಜಿಕ ನಾಟಕಗಳೂ ಉಂಟು. 2008ರಿಂದ ರಂಗಶಿಕ್ಷಣದ ಶಾಲೆಯೂ ಅಲ್ಲೇ ನಡೆಯುತ್ತಿದೆ. ಗ್ರೀಕ್ ಮಾದರಿಯ ದೊಡ್ಡ ಬಯಲು ರಂಗಮಂದಿರವಿದೆ. ಸುತ್ತಲಿನ ಹಳ್ಳಿಯವರು ಅದರ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತು ನಾಟಕ ನೋಡುತ್ತಾರೆ.

ಸ್ಟೋಕರ್ ಒಬ್ಬ ನಟನಿಗಾಗಿ ದುಡಿದ. ಇಲ್ಲಿ ಮ್ಯಾನೇಜರಿಕೆಯ ಗೋಳೆಲ್ಲ ಹೊತ್ತದ್ದು ಒಂದು ಮಠ, ಅದೂ ಹೆಸರಾಂತ ನಟರಿಗಾಗಿ ಅಲ್ಲ, ಹಳ್ಳಿಯ ಪ್ರೇಕ್ಷಕರಿಗಾಗಿ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಸಾಹಸ.

ಚಿತ್ರದುರ್ಗದ ಕಡೆಗೆ ಹೋದಾಗ ಅಲ್ಲಿನ ಕೋಟೆ, ಹಿರಿಯೂರಿನ ವಾಣಿವಿಲಾಸ ಸಾಗರ ನೋಡಿ ಹಿಂತಿರುಗುವುದು ನಮ್ಮೆಲ್ಲರ ರೂಢಿ. ನವೆಂಬರಿನಲ್ಲಿ ಹೋಗುವವರು ಅಪ್ಪ ಅಮ್ಮನನ್ನು ಕಾಡಿಯಾದರೂ ಸಾಣೇಹಳ್ಳಿಗೆ ಒಂದು ಸಂಜೆ ಬಿಡುವು ಮಾಡಿಸಿಕೊಳ್ಳಿ.