ಮಕ್ಕಳಿಗೆ ಓದಿನ ರುಚಿ ಹತ್ತಿಸಿದ ಪಂಜೆ ಮಂಗೇಶರಾಯರು

ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ನಮ್ಮ ಮುಂದೆ ಒಂದೇ ಚಿಂತೆಯನ್ನು ತೋಡಿಕೊಳ್ಳುತ್ತಾರೆ. ಮಕ್ಕಳು ಪರೀಕ್ಷೆಗಾಗಿ ಪಾಠವನ್ನು ಉರುಹೊಡೆಯುತ್ತಾರೆ. ತಾವಾಗಿಯೇ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳುವುದಿಲ್ಲ. ಈ ಚಿಂತೆ ಇಂದಿನದೇನೂ ಅಲ್ಲ. ನೂರು ವರ್ಷಗಳಿಗೂ ಹಿಂದೆ ಇದನ್ನು ತಮ್ಮದೆಂದೇ ಭಾವಿಸಿ, ಅದಕ್ಕೆ ಉತ್ತರವನ್ನು ಬರೆದೇ ತೋರಿಸಿದವರು ಪಂಜೆ ಮಂಗೇಶರಾಯರು.

ರಾಯರು 1874ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಜನಿಸಿದರು. ವಿದ್ಯಾರ್ಥಿದೆಸೆಯಲ್ಲಿಯೇ ತಂದೆಯವರನ್ನು ಕಳೆದುಕೊಂಡು ಕಷ್ಟದಿಂದ ಓದಿ ಮುಂದೆ ಬಂದವರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಬೋಧಿಸಿದರು. ಅನಂತರ ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಇನ್‌ಸ್ಪೆಕ್ಟರರಾದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರರ ಸವಾರಿ ಎಂದರೆ ಮಕ್ಕಳಿಗಿರಲಿ, ಗುರುಗಳಿಗೂ ಎದೆನಡುಕ.

ಅಲ್ಲಿನ ಮಕ್ಕಳ ಸ್ಥಿತಿಯನ್ನು ನಾವು ತುಸು ಗಮನಿಸಬೇಕು. ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಕನ್ನಡ. ಸ್ವತಃ ರಾಯರ ಮನೆಮಾತೂ ಕೊಂಕಣಿಯೇ. ಹೀಗಾಗಿ ಎಷ್ಟೋ ಮಕ್ಕಳಿಗೆ ಕನ್ನಡದ ಬಾಗಿಲು ತೆರೆಯುತ್ತಿದ್ದುದು ಶಾಲೆಯ ಪಠ್ಯಪುಸ್ತಕದಲ್ಲಿ. ಆ ಪುಸ್ತಕವೇ ನೀರಸವಾದರೆ ಮಗು ಹೊಸ್ತಿಲಲ್ಲಿಯೇ ಹಿಂದಿರುಗಿಬಿಡುತ್ತದೆ. ಹಾಗೆ ಹಿಂದಿರುಗಿದ ಮಗುವಿಗೆ ಪಂಪನೂ ಇಲ್ಲ, ಬಸವಣ್ಣನೂ ಇಲ್ಲ.

ರಾಯರು ಹಿಡಿದ ದಾರಿ ಸರಳವಾದುದು. ಮಗುವಿಗೆ ಉಪದೇಶಕ್ಕಿಂತ ಮೊದಲು ಆಟ ಬೇಕು, ತಾಳ ಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. ಬಾಸೆಲ್ ಮಿಷನ್ನಿನವರು ಹೊರತಂದ ಶಾಲಾ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳ ಪುಸ್ತಕಗಳು ಬರುವಂತೆ ದುಡಿದರು. ಅವರ ಹಾವಿನ ಹಾಡಿನಲ್ಲಿ ಮಗು ನಾಗರಹಾವನ್ನು ಗೆಳೆಯನಂತೆ ಮಾತನಾಡಿಸುತ್ತದೆ. ತೆಂಕಣ ಗಾಳಿಯನ್ನು ಕುರಿತ ಪದ್ಯದಲ್ಲಿ ಕಡಲಿನಿಂದೆದ್ದ ಗಾಳಿಯ ಸದ್ದು ಅಕ್ಷರಗಳಲ್ಲಿಯೇ ಕೇಳಿಸುತ್ತದೆ. ಇಂಥವನ್ನು ಮಗುವಿಗೆ ಕಲಿಸಬೇಕಾಗಿಯೇ ಇಲ್ಲ, ಒಮ್ಮೆ ಕೇಳಿಸಿದರೆ ಸಾಕು.

ಒಣಗದೆ ಉಳಿದ ಸಿಗಡಿಯ ಕಥೆಯಂತೂ ನಮಗೆ ಬಹು ಮೆಚ್ಚಿಕೆಯಾದುದು. ಏಕೆ ಒಣಗಲಿಲ್ಲವೆಂದು ಸಿಗಡಿಯನ್ನು ಕೇಳಿದರೆ ಅದು ಹುಲ್ಲಿನತ್ತ ಬೆರಳು ತೋರುತ್ತದೆ, ಹುಲ್ಲು ದನದತ್ತ. ಹೀಗೆ ದೂರು ಒಬ್ಬರಿಂದೊಬ್ಬರಿಗೆ ದಾಟುತ್ತ ಕಡೆಗೆ ಇರುವೆಯವರೆಗೆ ಹೋಗುತ್ತದೆ. ನಮ್ಮ ಬಯಲುಸೀಮೆಯ ಲಿಂಗಾಯತ ಮನೆಗಳ ಮಕ್ಕಳಿಗೆ ಸಿಗಡಿ ಎಂದರೇನೆಂದೇ ತಿಳಿಯದು. ಆದರೂ ಮುಂದೇನು ಎಂಬ ಕುತೂಹಲಕ್ಕೆ ಅದು ಅಡ್ಡಿಯಾಗದು. ಪುಟ ತಿರುಗಿಸುವಂತೆ ಮಾಡುವುದು ಆ ಕುತೂಹಲವೇ. ಕಥೆ ಮುಗಿದೊಡನೆ ಇದರಿಂದ ಕಲಿತ ನೀತಿಯೇನು ಎಂದು ಪ್ರಶ್ನಿಸುವ ಗುರುಗಳು ಈ ಮಾತನ್ನು ತುಸು ಮನನ ಮಾಡಿದರೆ ಒಳ್ಳೆಯದು.

ದೊಡ್ಡ ಮಕ್ಕಳನ್ನೂ ಅವರು ಮರೆಯಲಿಲ್ಲ. ತುಳುನಾಡಿನಲ್ಲಿ ಅಕ್ಷರವರಿಯದ ಜನರು ಪಾಡ್ದನವಾಗಿ ಹಾಡುತ್ತ ಬಂದಿದ್ದ ಅವಳಿ ವೀರರ ಚರಿತೆಯನ್ನು 'ಕೋಟಿ ಚೆನ್ನಯ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ತಮ್ಮ ಅಜ್ಜಿಯ ಬಾಯಿಯಲ್ಲಿದ್ದುದು ಅಚ್ಚಾದ ಪುಸ್ತಕದಲ್ಲಿಯೂ ಇದೆ ಎಂಬುದು ಆ ಸೀಮೆಯ ಬಡಮಕ್ಕಳಿಗೆ ಸಣ್ಣ ಸಂಗತಿಯಾಗಿರಲಾರದು. ಮುಂದೆ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಕೊಡಗಿನ ಸುಗ್ಗಿಹಬ್ಬವನ್ನು ಕುರಿತು 'ಹುತ್ತರಿ ಹಾಡು' ಬರೆದರು. ಎಲ್ಲಿದ್ದರೆ ಅಲ್ಲಿಯ ಮಕ್ಕಳ ಮಣ್ಣನ್ನೇ ಪುಸ್ತಕಕ್ಕೆ ತರುವುದು ಅವರ ರೀತಿ.

ಕನ್ನಡದ ಮೊದಮೊದಲ ಸಣ್ಣಕಥೆಗಳನ್ನು ಬರೆದ ಕೀರ್ತಿಯೂ ಅವರದೇ. ಆದರೂ ಪದ್ಯಗಳಿಗೆ ಇಟ್ಟುಕೊಂಡ ಅಂಕಿತ 'ಕವಿಶಿಷ್ಯ' ಎಂದು. ಕವಿಯೆಂದು ಕರೆದುಕೊಳ್ಳಲೂ ಆ ವಿನಯ ಒಪ್ಪಲಿಲ್ಲ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. ಕನ್ನಡ ಓದಲು ಬಯಸುವ ಮಗುವಿಗೆ ಅಲ್ಲಿ ಅನುಕೂಲ ಬಹಳ ಕಡಿಮೆ. ಅಂಥ ನೆಲಕ್ಕೆ ಕನ್ನಡದ ಶಿಶುಗೀತೆಗಳನ್ನು ಬರೆದವರೇ ಅಧ್ಯಕ್ಷರಾಗಿ ಬಂದುದು ಉಚಿತವೇ ಆಗಿತ್ತು. ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರಿನಲ್ಲಿ, ಅದೇ ಸಂಸ್ಥಾನದ ಹೈದರಾಬಾದಿನಲ್ಲಿ ರಾಯರು ಕೊನೆಯುಸಿರೆಳೆದರು.