ಮಿದುಳಿಗೆ ನಕ್ಷೆ ಬರೆದ ಬ್ರಾಡ್‌ಮನ್

ಜಯನಗರದ ನಮ್ಮ ಮನೆಗೆ ಸಮೀಪದ ನಿಮ್ಹಾನ್ಸ್‌ನಲ್ಲಿ ಡಿಫ್ಯೂಷನ್ ಎಂಆರ್‌ಐ ತಂತ್ರವು ಜೀವಂತ ಮಿದುಳಿನೊಳಗೆ ನೀರಿನ ಅಣುಗಳು ಚಲಿಸುವ ದಿಕ್ಕನ್ನು ಅಳೆದು, ನರತಂತುಗಳ ಹಾದಿಯನ್ನು ತೋರುತ್ತದೆ. ಆ ಹಾದಿಗಳು ತಲುಪುವ ಪ್ರದೇಶಗಳನ್ನು ತಜ್ಞರು ಇಂದಿಗೂ ಹೆಸರಿಸುವುದು ಬಹುಮಟ್ಟಿಗೆ ಕೋರ್ಬಿನಿಯನ್ ಬ್ರಾಡ್‌ಮನ್ ಕೊಟ್ಟ ಸಂಖ್ಯೆಗಳಿಂದಲೇ.

1868ರಲ್ಲಿ ದಕ್ಷಿಣ ಜರ್ಮನಿಯ ಹಳ್ಳಿಯೊಂದರಲ್ಲಿ ಜನಿಸಿದ ಈ ವೈದ್ಯರು 1901ರಲ್ಲಿ ಬರ್ಲಿನ್‌ನಲ್ಲಿ ಆಸ್ಕರ್ ಫೋಗ್ಟ್ ಅವರ ಪ್ರಯೋಗಾಲಯ ಸೇರಿದರು. ಮಿದುಳನ್ನು ತೆಳು ಪದರಗಳಾಗಿ ಕತ್ತರಿಸಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆಯನ್ನು ವರ್ಷಗಟ್ಟಲೆ ಪರಿಶೀಲಿಸಿದರು. 1909ರ ಗ್ರಂಥದಲ್ಲಿ ಮನುಷ್ಯ ಹಾಗೂ ಇತರ ಸಸ್ತನಿಗಳ ಮಿದುಳಿನ ಹೊರಪದರವನ್ನು ವಿಭಾಗಿಸಿ, 1ರಿಂದ 52ರವರೆಗಿನ ಸಂಖ್ಯೆಗಳನ್ನು ನೀಡಿದರು. ದೃಷ್ಟಿಯ ಮುಖ್ಯ ಪ್ರದೇಶ 17. ಮಾತಿಗೆ ಸಂಬಂಧಿಸಿದ್ದು 44 ಮತ್ತು 45.

ವಿದ್ವತ್ಸಭೆ ಅವರಿಗೆ ಉದಾರವಾಗಿರಲಿಲ್ಲ. ಅಧ್ಯಾಪಕ ಅರ್ಹತೆಗಾಗಿ ಸಲ್ಲಿಸಿದ ಪ್ರಬಂಧವನ್ನು ಬರ್ಲಿನ್ ವಿಶ್ವವಿದ್ಯಾಲಯ ತಿರಸ್ಕರಿಸಿತು. 1910ರಲ್ಲಿ ಅವರು ಟ್ಯೂಬಿಂಗನ್‌ಗೆ ತೆರಳಿದರು. 1917ರಲ್ಲಿ ವಿವಾಹ, 1918ರಲ್ಲಿ ಮ್ಯೂನಿಕ್‌ನಲ್ಲಿ ತಕ್ಕ ಹುದ್ದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಸೋಂಕು ರಕ್ತಕ್ಕೇರಿ, 49ನೇ ವಯಸ್ಸಿನಲ್ಲಿ ನಿಧನರಾದರು.

ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ಬಾಳು ಸವೆಸಿದವನು ನಾನು. ಮೂಲ ಸಂಶೋಧನೆಯ ಅನುದಾನವನ್ನು ಎರಡು ಮೂರು ವರ್ಷಗಳ ಫಲದಿಂದ ಅಳೆಯುವುದು ತಪ್ಪು ಲೆಕ್ಕವೆಂದೇ ನನ್ನ ಭಾವನೆ. ಬ್ರಾಡ್‌ಮನ್ ಬರೆದ ನಕ್ಷೆ ಶತಮಾನ ದಾಟಿಯೂ ಬಳಕೆಯಲ್ಲಿದೆ.