ಕಿವುಡ ಮಕ್ಕಳ ಮೇಷ್ಟ್ರು ಗ್ರಹಾಂ ಬೆಲ್

ಟೆಲಿಫೋನ್ ಕಂಡುಹಿಡಿದವರು ಯಾರು ಅಂತ ಕೇಳಿದರೆ ನಮ್ಮ ತರಗತಿಯಲ್ಲಿ ಎಲ್ಲರೂ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂತ ಹೇಳ್ತಾರೆ. ಆದರೆ ಅವರು ಕಿವುಡ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾಗಿದ್ದರು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ತಾತ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕಿವಿ ಮಿಷನ್ನಿಗೂ ಬೆಲ್ ಅವರಿಗೂ ನಂಟಿದೆ. ಅದಕ್ಕೇ ನಾನು ಅವರ ಜೀವನವನ್ನು ಬರೆಯುತ್ತಿದ್ದೇನೆ.

ಬೆಲ್ ಅವರು 1847ನೇ ಇಸವಿ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಜನಿಸಿದರು. ತಂದೆ ಜನರಿಗೆ ಸ್ಪಷ್ಟವಾಗಿ ಮಾತಾಡಲು ಕಲಿಸುವ ಗುರುಗಳು. ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೇರೆಯವರು ಆಕೆಯ ಕಿವಿಗೆ ಕೊಳವೆ ಇಟ್ಟು ಮಾತಾಡುತ್ತಿದ್ದರು. ಮಗ ಮಾತ್ರ ತಾಯಿಯ ಹಣೆಯ ಹತ್ತಿರ ಬಾಯಿ ತಂದು ಮೆಲ್ಲಗೆ ಮಾತಾಡುತ್ತಿದ್ದರು. ಇಬ್ಬರು ಸಹೋದರರೂ ಕ್ಷಯರೋಗದಿಂದ ತೀರಿಕೊಂಡ ಮೇಲೆ 1870ರಲ್ಲಿ ಮನೆಯವರೆಲ್ಲ ಕೆನಡಾ ದೇಶಕ್ಕೆ ಹೋದರು. ಮರುವರ್ಷ ಬೆಲ್ ಅವರು ಅಮೆರಿಕಾದ ಬಾಸ್ಟನ್ ನಗರದಲ್ಲಿ ಕಿವುಡ ಮಕ್ಕಳ ಶಾಲೆಗೆ ಪಾಠ ಹೇಳಲು ಸೇರಿದರು.

ಹಗಲು ಪಾಠ, ರಾತ್ರಿ ಪ್ರಯೋಗ. ನಿದ್ದೆ ಕಡಿಮೆ. 1876ರ ಮಾರ್ಚ್ 10ರಂದು ತಂತಿಯ ಮೂಲಕ ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್ ಅವರನ್ನು ಕರೆದರು. ಅವರಿಗೆ ಕೇಳಿಸಿತು! ಮುಂದಿನ ವರ್ಷ ಮೇಬಲ್ ಎಂಬುವರನ್ನು ಮದುವೆಯಾದರು. ಆಕೆ ಅವರ ಶಿಷ್ಯೆ. ಐದು ವರ್ಷದವಳಿದ್ದಾಗ ಜ್ವರ ಬಂದು ಆಕೆಯ ಕಿವಿ ಹೋಗಿತ್ತು. ಲೋಕಕ್ಕೆಲ್ಲಾ ಫೋನ್ ಕೊಟ್ಟವರ ಹೆಂಡತಿಗೇ ಫೋನಿನ ಮಾತು ಕೇಳುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ತುಂಬಾ ಬೇಜಾರಾಯಿತು.

ಈಗ ಕಿವಿ ಮಿಷನ್ನಿನ ವಿಷಯ. ಮಾತನ್ನು ವಿದ್ಯುತ್ತಾಗಿ ಮಾಡಿ, ಆ ಕಡೆ ಮತ್ತೆ ಮಾತಾಗಿ ಮಾಡುವುದೇ ಫೋನು. ಅದೇ ಉಪಾಯದಿಂದ 1898ರ ಹೊತ್ತಿಗೆ ಅಮೆರಿಕಾದ ಹಚಿಸನ್ ಎಂಬುವರು ವಿದ್ಯುತ್ತಿನ ಶ್ರವಣ ಸಾಧನ ಮಾಡಿದರು. ಅದು ಬಹಳ ದೊಡ್ಡದು. 1947ರಲ್ಲಿ ಬೆಲ್ ಅವರ ಹೆಸರಿನ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಮಿಷನ್ ಚಿಕ್ಕದಾಯಿತು.

ತಾತನ ಮಿಷನ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರೊಳಗೆ ಮೈಕು, ಪೆನ್ಸಿಲ್ ಸೆಲ್ಲು, ಸದ್ದು ಹೆಚ್ಚು ಕಡಿಮೆ ಮಾಡುವ ಚಕ್ರ ಇವೆ. ಅಲ್ಲಿಂದ ವೈರು ಮೇಲಕ್ಕೆ ಹೋಗಿ ಗುಂಡಿಯಂಥ ರಿಸೀವರಿಗೆ ಸೇರುತ್ತದೆ. ಅದನ್ನು ಕಿವಿಗೆ ಸಿಗಿಸಬೇಕು. ಮೈಕು ಎದೆಯ ಹತ್ತಿರ ಇರುವುದರಿಂದ ಅಂಗಿ ಉಜ್ಜಿದರೂ ಬರ ಬರ ಸದ್ದು ಕೇಳುತ್ತದೆ. ತಾತ ಕಾಫಿ ತೋಟದಲ್ಲಿ ಬಗ್ಗಿ ಕೆಲಸ ಮಾಡುವಾಗ ಅದಕ್ಕೇ ಆಫ್ ಮಾಡಿಬಿಡುತ್ತಿದ್ದರು. ಈಗ ಕಿವಿಯ ಹಿಂದೆ ಕೂರುವ ಪುಟ್ಟ ಮಿಷನ್‌ಗಳು ಬಂದಿವೆ. ಕಿವಿ ಪರೀಕ್ಷೆಯ ಚೀಟಿಯಲ್ಲಿ ಡಿ.ಬಿ. ಅಂತ ಬರೆಯುತ್ತಾರಲ್ಲ, ಅದು ಡೆಸಿಬೆಲ್. ಅದರಲ್ಲಿಯೂ ಬೆಲ್ ಅವರ ಹೆಸರಿದೆ.

ಬೆಲ್ ಅವರದ್ದು ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. ಕಿವುಡ ಮಕ್ಕಳು ಬಾಯಲ್ಲೇ ಮಾತಾಡಬೇಕು, ಶಾಲೆಯಲ್ಲಿ ಕೈಸನ್ನೆ ಬೇಡ ಎಂದು ಅವರು ವಾದಿಸಿದರು. ಕಿವುಡರು ಕಿವುಡರನ್ನೇ ಮದುವೆಯಾಗುವುದೂ ಅವರಿಗೆ ಇಷ್ಟವಿರಲಿಲ್ಲ. ಇದರಿಂದ ಬಹಳ ಕಿವುಡರಿಗೆ ನೋವಾಯಿತು. ಕೈಸನ್ನೆಯೂ ಒಂದು ಪೂರ್ತಿ ಭಾಷೆ ಅಂತ ಈಗ ತಿಳಿದವರು ಒಪ್ಪಿದ್ದಾರೆ.

1922ರ ಆಗಸ್ಟ್ 2ರಂದು ಬೆಲ್ ಅವರು ಕೆನಡಾದಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡುವಾಗ ಅಮೆರಿಕಾ, ಕೆನಡಾಗಳ ಫೋನುಗಳನ್ನೆಲ್ಲ ಒಂದು ನಿಮಿಷ ನಿಲ್ಲಿಸಿದ್ದರಂತೆ.

ಗೆಳೆಯರೇ, ನಮ್ಮ ರಾಜ್ಯದಲ್ಲೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಅಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಕಿವಿ ಮಂದವಾಗಿದ್ದರೆ ದೊಡ್ಡವರಿಗೆ ಇದನ್ನು ಹೇಳಿ. ಕಿವುಡ ಅಂತ ಯಾರನ್ನೂ ರೇಗಿಸಬೇಡಿ. ಎದುರಿಗೆ ನಿಂತು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಿ. ಇಷ್ಟು ಮಾಡಲು ಯಾವ ಮಿಷನ್ನೂ ಬೇಡ.

— 7ನೇ ತರಗತಿ, ಅರೇಹಳ್ಳಿ